ಹಳೆಯ ಫರ್ಗ್ಯುಸನ್ ಕೈಕೊಟ್ಟರೆ ಕೇಳುವುದು ಯಾರನ್ನು?

ಹ್ಯಾರಿ ಫರ್ಗ್ಯುಸನ್ ವಿನ್ಯಾಸದ ಟಿಇ20 ಟ್ರ್ಯಾಕ್ಟರ್ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ 5 ಲಕ್ಷ ದಾಟುತ್ತದೆ. ಇದನ್ನು ಬಲ್ಲ ಮೆಕ್ಯಾನಿಕ್ ಈಗ ಅಪರೂಪ. ಗಾಡಿ ಕೆಟ್ಟರೆ ಬ್ರಿಟನ್ನಿನ ಮಾಲೀಕರು ನೆಚ್ಚುವುದು ಫ್ರೆಂಡ್ಸ್ ಆಫ್ ಫರ್ಗ್ಯುಸನ್ ಹೆರಿಟೇಜ್‌ನಂಥ ಹವ್ಯಾಸಿಗಳ ಸಂಘವನ್ನು.

ಅಲ್ಲಿ ಮೊದಲು ಕೇಳುವುದು ಫಲಕದ ಮೇಲಿನ ಸೀರಿಯಲ್ ನಂಬರು. ಟಿಇಎ ಎಂದರೆ ಪೆಟ್ರೋಲಿನದು, ಟಿಇಡಿ ಸೀಮೆಎಣ್ಣೆ ಜಾತಿಯ ಇಂಧನದ್ದು, ಟಿಇಎಫ್ ಡೀಸೆಲ್ಲಿನದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಪದೇಪದೇ ಬರುವ ದೂರು ಇದು: ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುವ ಪೆಟ್ರೋಲ್ ಎಂಜಿನ್, ಅರ್ಧ ಗಂಟೆ ದುಡಿದು ಬಿಸಿಯೇರಿದ ಮೇಲೆ ನಿಂತುಬಿಡುತ್ತದೆ. ಅನುಭವಿಗಳು ಇಂಧನದಿಂದ ಶುರುಮಾಡಿಸುತ್ತಾರೆ. ಈ ಗಾಡಿಯಲ್ಲಿ ಪೆಟ್ರೋಲ್ ಪಂಪಿಲ್ಲ, ಇಂಧನ ತನ್ನ ಭಾರಕ್ಕೇ ಇಳಿಯಬೇಕು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದರೆ ಅದು ಇಳಿಯದು. ಟ್ಯಾಂಕಿನಡಿಯ ಗಾಜಿನ ಬಟ್ಟಲಲ್ಲಿ ತುಕ್ಕಿನ ಕೆಸರು ಕಂಡರಂತೂ ಅರ್ಧ ಉತ್ತರ ಸಿಕ್ಕಂತೆ. ಹರಿವು ಸರಿಯಿದ್ದರೆ, ಎಂಜಿನ್ ನಿಂತ ಕೂಡಲೇ ಕಿಡಿ ನೋಡಬೇಕು. ಪೆಟ್ರೋಲ್ ಚೆಲ್ಲಿದ್ದರೆ ಮಾತ್ರ ಬೇಡವೇ ಬೇಡ. ಕಿಡಿ ಸೊರಗಿ ಹಳದಿಯಾಗಿದ್ದರೆ ಕಂಡೆನ್ಸರ್ ಇಲ್ಲವೇ ಕಾಯಿಲ್ ಮೇಲೆ ಅನುಮಾನ. ಒಂದೊಂದಾಗಿ ಬದಲಿಸಿ ನೋಡುವುದೇ ಸರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದುಡ್ಡೂ ದಂಡ, ಕೆಟ್ಟದ್ದು ಯಾವುದೆಂದೂ ತಿಳಿಯದು.

ನೆರವು ಕೇಳುವವರು ನಂಬರು, ಇಂಧನ, ಬ್ಯಾಟರಿ 6 ವೋಲ್ಟೋ 12 ವೋಲ್ಟೋ, ನಿಲ್ಲುವ ಮುಂಚೆ ಎಂಜಿನ್ ಹೇಗೆ ಸದ್ದು ಮಾಡಿತು ಎಂಬುದನ್ನು ಬರೆದಿಟ್ಟುಕೊಂಡಿರಬೇಕು. ‘ಗಾಡಿ ಓಡ್ತಿಲ್ಲ’ ಎಂದಷ್ಟೇ ಹೇಳಿದರೆ ಯಾವ ಪಂಡಿತನೂ ಏನೂ ಮಾಡಲಾರ.