ಮೆಡಿಕಲ್ ಶಾಪ್ ಕೌಂಟರಿನ ಆಚೆ ಏನೆಲ್ಲಾ ನಡೆಯುತ್ತೆ?

ಹಾಸ್ಟೆಲ್‌ನಲ್ಲಿ ಜ್ವರ ಬಂದ್ರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗೋದು ಡಾಕ್ಟರ್ ಹತ್ರ ಅಲ್ಲ, ಮೆಡಿಕಲ್ ಶಾಪಿಗೆ. "ಅಣ್ಣಾ, ಜ್ವರಕ್ಕೆ ನಾಲ್ಕು ಮಾತ್ರೆ ಕೊಡಿ" ಅಂತೀವಿ. ಅವರು ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ, ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿ ಬರ್ತೀವಿ. ಇಯರ್‌ಫೋನ್‌ಗೆ ಬಿಲ್, ವಾರಂಟಿ ಎಲ್ಲಾ ಕೇಳುವ ನಾವು ಹೊಟ್ಟೆಗೆ ಹೋಗುವ ಮಾತ್ರೆಗೆ ಬಿಲ್ ಕೇಳೋದಿಲ್ಲ. ಆದರೆ ಆ ಪುಟ್ಟ ಅಂಗಡಿಯ ಹಿಂದೆ ಒಂದು ದೊಡ್ಡ ಸೇಫ್ಟಿ ಸಿಸ್ಟಮ್ ಇದೆ.

ಲೈಸೆನ್ಸ್ ಮತ್ತು ಫಾರ್ಮಸಿಸ್ಟ್

ನಮ್ಮ ದೇಶದಲ್ಲಿ ಔಷಧ ಮಾರಾಟ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳ ಪ್ರಕಾರ ನಡೆಯುತ್ತೆ. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಇರಬೇಕು. ಲೈಸೆನ್ಸ್ ಗಿರಾಕಿಗಳಿಗೆ ಕಾಣುವ ಹಾಗೆ ತೂಗುಹಾಕಬೇಕು. ಡಾಕ್ಟರ್ ಚೀಟಿ ಬೇಕಾದ ಔಷಧಿಗಳನ್ನು ನೋಂದಾಯಿತ ಫಾರ್ಮಸಿಸ್ಟ್ ಮೇಲ್ವಿಚಾರಣೆಯಲ್ಲೇ ಕೊಡಬೇಕು.

ಎಚ್, ಎಚ್1, ಎಕ್ಸ್

ಅಪಾಯದ ಮಟ್ಟ ನೋಡಿ ಔಷಧಿಗಳನ್ನು ಷೆಡ್ಯೂಲ್‌ಗಳಾಗಿ ವಿಂಗಡಿಸಿದ್ದಾರೆ. ಷೆಡ್ಯೂಲ್ ಎಚ್‌ಗೆ ಚೀಟಿ ಬೇಕು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1ಗೆ ಚೀಟಿಯ ಜೊತೆ ರಿಜಿಸ್ಟರ್ ಕೂಡ ಬೇಕು. ಬರೆದುಕೊಟ್ಟ ಡಾಕ್ಟರ್, ರೋಗಿ, ಔಷಧಿ, ಪ್ರಮಾಣ ಎಲ್ಲವನ್ನೂ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಷೆಡ್ಯೂಲ್ ಎಕ್ಸ್ ಇನ್ನೂ ಬಿಗಿ: ಚೀಟಿ ಎರಡು ಪ್ರತಿ ಇರಬೇಕು, ಒಂದು ಪ್ರತಿಯನ್ನು ಅಂಗಡಿಯವರು 2 ವರ್ಷ ಕಾಪಾಡಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ? ಎಚ್1 ಪಟ್ಟಿಯ ಎರಡು ಹೆಸರು ನೋಡಿ. ಒಂದು ಸೆಫಿಕ್ಸಿಮ್, ಆಂಟಿಬಯೋಟಿಕ್. ಸಾಮಾನ್ಯ ನೆಗಡಿ ಬರೋದು ವೈರಸ್‌ನಿಂದ, ಅದರ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡೋದೇ ಇಲ್ಲ. ಸುಮ್ಮಸುಮ್ಮನೆ ನುಂಗಿದರೆ ಮೈಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಔಷಧಿಗೆ ಬಗ್ಗದವು ಮಾತ್ರ ಉಳಿದು ಬೆಳೆಯುತ್ತವೆ. ನಾಳೆ ನಿಜವಾದ ಸೋಂಕು ಬಂದಾಗ ಆ ಔಷಧಿ ಕೈಕೊಡಬಹುದು. ಇನ್ನೊಂದು ಆಲ್‌ಪ್ರಜೋಲಮ್. ಎಕ್ಸಾಮ್ ಟೈಮಲ್ಲಿ ನಿದ್ದೆ ಬರಲ್ಲ ಅಂತ ಕೆಲವರು ಕೇಳೋದು ಇದನ್ನೇ. ಇದು ಚಟವಾಗುತ್ತೆ, ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಚೀಟಿ ಇಲ್ಲದೆ ಕೊಡಲ್ಲ ಅನ್ನುವ ಅಂಗಡಿಯವರ ಮೇಲೆ ಸಿಟ್ಟಾಗೋದಕ್ಕಿಂತ ಅವರನ್ನು ನಂಬೋದು ವಾಸಿ.

ಫಿಫೋ ಅಲ್ಲ, ಫೆಫೋ

ಡೇಟಾ ಸ್ಟ್ರಕ್ಚರ್ಸ್ ಕ್ಲಾಸಲ್ಲಿ ಕ್ಯೂ ಅಂದ್ರೆ ಫಿಫೋ, ಮೊದಲು ಬಂದದ್ದು ಮೊದಲು ಹೊರಗೆ. ಔಷಧಿ ಅಂಗಡಿಯಲ್ಲಿ ಮೊದಲು ಎಕ್ಸ್‌ಪೈರ್ ಆಗುವುದು ಮೊದಲು ಹೊರಗೆ ಹೋಗಬೇಕು, ಅದು ಫೆಫೋ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರಯಾರಿಟಿ ಕ್ಯೂ. ಅವಧಿ ಮುಗಿದದ್ದನ್ನು ಬೇರೆ ಡಬ್ಬದಲ್ಲಿ "ಮಾರಾಟಕ್ಕಲ್ಲ" ಎಂದು ಬರೆದು ಇಡಬೇಕು.

ಉಷ್ಣಾಂಶವೂ ಮುಖ್ಯ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಬಿಸಿಯಾದರೂ ಕೆಡುತ್ತೆ, ಹೆಪ್ಪುಗಟ್ಟಿದರೂ ಕೆಡುತ್ತೆ. ಹಾಗಾಗಿ ಫ್ರಿಡ್ಜ್ ಇದ್ದರೆ ಸಾಲದು, ಒಳಗೆ ಥರ್ಮಾಮೀಟರ್ ಬೇಕು, ಕರೆಂಟ್ ಹೋದಾಗ ಬ್ಯಾಕಪ್ ಬೇಕು.

ಹೆಸರಿನ ಗೊಂದಲ

ಹೈಡ್ರಾಲಜೀನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜೀನ್ ತುರಿಕೆ, ಅಲರ್ಜಿಗೆ. ಡಾಕ್ಟರ ಅಕ್ಷರ ಗೊತ್ತಲ್ಲ! ಇಂಥ ಜೋಡಿಗಳನ್ನು ಶೆಲ್ಫಿನಲ್ಲಿ ಅಕ್ಕಪಕ್ಕ ಇಡದಿರುವುದು, ಕೊಡುವ ಮುಂಚೆ ಚೀಟಿಯ ಜೊತೆ ಮತ್ತೊಮ್ಮೆ ಹೋಲಿಸುವುದು, "ಇದು ಯಾವ ತೊಂದರೆಗೆ?" ಅಂತ ರೋಗಿಯನ್ನೇ ಕೇಳುವುದು ಒಳ್ಳೆಯ ಫಾರ್ಮಸಿಯ ಅಭ್ಯಾಸ. ಜೇಮ್ಸ್ ರೀಸನ್ ಅವರ ಸ್ವಿಸ್ ಚೀಸ್ ಮಾಡೆಲ್ ಹೇಳುವುದೂ ಇದನ್ನೇ: ಪ್ರತಿ ಪದರದಲ್ಲೂ ತೂತಿರುತ್ತೆ, ಎಲ್ಲಾ ತೂತುಗಳೂ ಒಂದೇ ಸಾಲಿಗೆ ಬಂದಾಗ ಅನಾಹುತ. ಪದರ ಹೆಚ್ಚಿದಷ್ಟೂ ಒಳ್ಳೆಯದು.

ಕೊನೆಯ ಪದರ ನಾವು

ಸ್ಟ್ರಿಪ್ ಕತ್ತರಿಸುವ ಮುಂಚೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ಭಾಗದ ಫೋಟೋ ತೆಗೆಯೋಣ. ಎಕ್ಸ್‌ಪೈರಿ ತಿಂಗಳು ಅಂದ್ರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ.

ಬಿಲ್ ಕೇಳೋಣ. ಯಾವುದಾದರೂ ಬ್ಯಾಚ್ ಗುಣಮಟ್ಟದ ಪರೀಕ್ಷೆಯಲ್ಲಿ ಫೇಲ್ ಆದರೆ ವಾಪಸ್ ಕರೆಸಿಕೊಳ್ಳುವುದು ಬ್ಯಾಚ್ ನಂಬರ್ ಹಿಡಿದು. ನಮ್ಮ ಹತ್ರ ಆ ನಂಬರ್ ಇಲ್ಲದಿದ್ರೆ ನಾವು ತಗೊಂಡದ್ದು ಅದೇನಾ ಅಂತ ತಿಳಿಯೋದೇ ಇಲ್ಲ.

ಈಗಾಗಲೇ ತಗೊಳ್ತಿರುವ ಮಾತ್ರೆಗಳ ಹೆಸರು ಹೇಳೋಣ. ಜ್ವರದ "650" ಮಾತ್ರೆಯಲ್ಲಿ ಇರೋದು ಪ್ಯಾರಾಸಿಟಮಾಲ್. ನೆಗಡಿಯ ಹಲವು ಮಾತ್ರೆಗಳಲ್ಲೂ ಅದೇ ಇರುತ್ತೆ. ಎರಡನ್ನೂ ನುಂಗಿದರೆ ಗೊತ್ತಿಲ್ಲದೆ ಡಬಲ್ ಡೋಸ್. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ, ಅದನ್ನು ಮೀರಿದರೆ ಲಿವರ್‌ಗೆ ಪೆಟ್ಟು.

ಸಂಶಯ ಬಂದ್ರೆ ಫಾರ್ಮಸಿಸ್ಟ್‌ರನ್ನೇ ಕೇಳಿ. ಅವರು ಓದಿರುವುದು ಅದಕ್ಕೇ. ಎರಡು ದಿನಕ್ಕೂ ಜ್ವರ ಇಳಿಯದಿದ್ರೆ ಮಾತ್ರ ಅಂಗಡಿಯ ಕಡೆಗಲ್ಲ, ಡಾಕ್ಟರ್ ಕಡೆಗೆ ನಡೆಯಿರಿ.