ಎಬೋಲಾ: ಅಂತ್ಯಸಂಸ್ಕಾರವೂ ವೈದ್ಯದ ಭಾಗವಾದ ಬಗೆ

ಲಿಂಗೈಕ್ಯರಾದವರ ಕಾಯಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಿ ಸಮಾಧಿ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಕಾಯವನ್ನು ಮುಟ್ಟಲೇಬಾರದೆಂದು ಅಪರಿಚಿತರು ಬಂದು ತಡೆದರೆ ಮನೆಯವರ ಗತಿ ಏನಾದೀತು? 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ ಮತ್ತು ಸಿಯೆರಾ ಲಿಯೋನ್ ದೇಶಗಳ ಅಸಂಖ್ಯ ಕುಟುಂಬಗಳು ಎದುರಿಸಿದ್ದು ಈ ಸಂಕಟವನ್ನೇ. ಎಬೋಲಾ ಅಲ್ಲಿ 28,600ಕ್ಕೂ ಹೆಚ್ಚು ಜನರಿಗೆ ತಗುಲಿ, 11,300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಆ ತಡೆಗೆ ಕಾರಣವಿಲ್ಲದೆ ಇರಲಿಲ್ಲ. 1976ರಲ್ಲಿ ಅಂದಿನ ಜೈರ್ ದೇಶದ ಯಾಂಬುಕು ಗ್ರಾಮದಲ್ಲಿ ಕಾಣಿಸಿಕೊಂಡು, ಸಮೀಪದ ನದಿಯ ಹೆಸರನ್ನು ಪಡೆದ ಈ ವೈರಾಣು ನೆಗಡಿಯಂತೆ ಗಾಳಿಯಲ್ಲಿ ಹರಡುವುದಲ್ಲ. ರೋಗಿಯ ರಕ್ತ, ವಾಂತಿ, ಭೇದಿ ಮುಂತಾದ ದೇಹದ್ರವಗಳ ಸ್ಪರ್ಶದಿಂದ ಹರಡುತ್ತದೆ. ಸೋಂಕು ತಗುಲಿದ 2ರಿಂದ 21 ದಿನಗಳೊಳಗೆ ಜ್ವರ ಬರುತ್ತದೆ. ಅದಕ್ಕೆ ಮೊದಲು ಆ ವ್ಯಕ್ತಿಯಿಂದ ಇತರರಿಗೆ ಅಪಾಯವಿಲ್ಲ. ಆದರೆ ಕಾಯಿಲೆ ಉಲ್ಬಣಿಸಿದಂತೆ ದೇಹದಲ್ಲಿ ವೈರಾಣುಗಳು ವೃದ್ಧಿಸುತ್ತವೆ, ಮರಣಕಾಲದಲ್ಲಿ ವಿಪುಲವಾಗಿರುತ್ತವೆ, ಉಸಿರು ನಿಂತ ಮೇಲೂ ದಿನಗಟ್ಟಲೆ ಜೀವಂತ ಉಳಿಯುತ್ತವೆ. ಶವಕ್ಕೆ ಪ್ರೀತಿಯಿಂದ ಸ್ನಾನ ಮಾಡಿಸಿದ ಕೈಗಳೇ ರೋಗವನ್ನು ಮನೆಗೆ ತಂದವು. ಗಿನಿ ದೇಶದಲ್ಲಿ ಶೇಕಡ 60ರಷ್ಟು ಪ್ರಕರಣಗಳಿಗೆ ಶವಸಂಸ್ಕಾರದ ನಂಟಿದೆ ಎಂದು ಅಲ್ಲಿನ ಆರೋಗ್ಯ ಇಲಾಖೆ 2014ರ ಆಗಸ್ಟ್‌ನಲ್ಲಿ ತಿಳಿಸಿತ್ತು.

ವಿಜ್ಞಾನ ಸರಿಯಾಗಿತ್ತು, ನಡೆದುಕೊಂಡ ರೀತಿ ಸರಿಯಿರಲಿಲ್ಲವೆಂದೇ ನಾವು ಭಾವಿಸುತ್ತೇವೆ. ಮೈತುಂಬ ರಕ್ಷಾಕವಚ ತೊಟ್ಟವರು ಬಂದು ಶವವನ್ನು ಚೀಲದಲ್ಲಿ ತುಂಬಿ ಒಯ್ಯುತ್ತಿದ್ದರು. ಲೈಬೀರಿಯದ ರಾಜಧಾನಿ ಮನ್ರೋವಿಯದಲ್ಲಂತೂ ಶವಗಳನ್ನು ಸುಡಬೇಕೆಂಬ ಆಜ್ಞೆಯಾಯಿತು. ಹೂಳುವ ಸಂಪ್ರದಾಯದವರಿಗೆ ಇದು ಎಂತಹ ಆಘಾತವೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಜನರು ರೋಗಿಗಳನ್ನು ಬಚ್ಚಿಟ್ಟರು, ರಾತ್ರೋರಾತ್ರಿ ಗುಟ್ಟಾಗಿ ಹೂಳಿದರು. ರೋಗ ಮತ್ತಷ್ಟು ಹಬ್ಬಿತು.

ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯು ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಸಂಸ್ಥೆಗಳೊಡನೆ ಸಮಾಲೋಚಿಸಿ, 2014ರ ನವೆಂಬರ್‌ನಲ್ಲಿ ಸುರಕ್ಷಿತವೂ ಗೌರವಯುತವೂ ಆದ ಶವಸಂಸ್ಕಾರದ ಕ್ರಮವೊಂದನ್ನು ರೂಪಿಸಿತು. ಕುಟುಂಬದವರ ಒಪ್ಪಿಗೆ ಪಡೆಯದೆ ಸಂಸ್ಕಾರ ಆರಂಭಿಸುವಂತಿಲ್ಲ. ದೂರ ನಿಂತು ಮುಖ ನೋಡಬಹುದು, ಪ್ರಾರ್ಥನೆ ಸಲ್ಲಿಸಬಹುದು. ಮುಸ್ಲಿಮರ ಶವಕ್ಕೆ ನೀರಿನ ಸ್ನಾನದ ಬದಲು ಅವರ ಧರ್ಮವೇ ಒಪ್ಪುವ ಒಣ ಶುದ್ಧೀಕರಣ, ಬಿಳಿಯ ವಸ್ತ್ರ. ಗೋರಿಯ ಮೇಲೆ ಹೆಸರು. ಮನ್ರೋವಿಯದ ಬಳಿ ಹೊಸ ಸ್ಮಶಾನಭೂಮಿ ದೊರೆತು, ಡಿಸೆಂಬರ್‌ನಲ್ಲಿ ಸುಡುವುದೂ ನಿಂತಿತು.

ಔಷಧಗಳು ಬಂದದ್ದು ಆಮೇಲೆ. 2015ರಲ್ಲಿ ಗಿನಿಯಲ್ಲಿ ರೋಗಿಯ ಸಂಪರ್ಕಕ್ಕೆ ಬಂದವರಿಗೂ ಅವರ ಸಂಪರ್ಕದವರಿಗೂ ಲಸಿಕೆ ಹಾಕಿ ನೋಡಲಾಯಿತು. ಕೂಡಲೇ ಲಸಿಕೆ ಪಡೆದವರಲ್ಲಿ ಹತ್ತು ದಿನಗಳ ನಂತರ ಒಬ್ಬರಿಗೂ ರೋಗ ಬರಲಿಲ್ಲ. ಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯಕರ. 1995ರಲ್ಲಿ ಕಾಂಗೋದ ಕಿಕ್ವಿಟ್ ಪಟ್ಟಣದಲ್ಲಿ ರೋಗವನ್ನು ಗೆದ್ದು ಬದುಕಿದ ಒಬ್ಬರ ರಕ್ತದಲ್ಲಿ, ಹನ್ನೊಂದು ವರ್ಷಗಳ ಬಳಿಕವೂ ಉಳಿದಿದ್ದ ಪ್ರತಿರೋಧ ಶಕ್ತಿಯ ಆಧಾರದಿಂದ ಪ್ರತಿಕಾಯದ ಔಷಧವೊಂದನ್ನು ಸಿದ್ಧಪಡಿಸಲಾಯಿತು. ಕಾಂಗೋದಲ್ಲೇ ನಡೆದ ಪರೀಕ್ಷೆಯಲ್ಲಿ, ಹಳೆಯ ಔಷಧ ಪಡೆದವರಲ್ಲಿ ಶೇಕಡ 50ರಷ್ಟು ಮಂದಿ ತೀರಿಕೊಂಡರೆ ಇದನ್ನು ಪಡೆದವರಲ್ಲಿ ಶೇಕಡ 35ರಷ್ಟು ಮಂದಿ. ಬೇಗನೆ ಆಸ್ಪತ್ರೆಗೆ ಬಂದವರಲ್ಲಿ ಸಾವು ಇನ್ನೂ ಕಡಿಮೆ.

ಆದರೆ ಈ ಔಷಧ, ಈ ಲಸಿಕೆ ಎರಡೂ ಜೈರ್ ಬಗೆಯ ವೈರಾಣುವಿಗೆ ಮಾತ್ರ. 2022ರ ಸೆಪ್ಟೆಂಬರ್‌ನಲ್ಲಿ ಉಗಾಂಡದಲ್ಲಿ ಸುಡಾನ್ ಬಗೆಯ ಎಬೋಲಾ ಕಾಣಿಸಿಕೊಂಡಾಗ ಅದಕ್ಕೆ ಮಾನ್ಯತೆ ಪಡೆದ ಲಸಿಕೆ ಇರಲಿಲ್ಲ. ದೃಢಪಟ್ಟ 142 ರೋಗಿಗಳಲ್ಲಿ 55 ಮಂದಿ ಅಸುನೀಗಿದರು. ಸಂಪರ್ಕಿತರನ್ನು ಹುಡುಕಿ, ರೋಗಿಗಳನ್ನು ಪ್ರತ್ಯೇಕವಾಗಿರಿಸಿ, ಮೃತರನ್ನು ಆ ಗೌರವಯುತ ಕ್ರಮದಲ್ಲೇ ಮಣ್ಣುಮಾಡಿ, 2023ರ ಜನವರಿ 11ರಂದು ಆ ದೇಶವು ರೋಗಮುಕ್ತವೆಂದು ಘೋಷಿಸಿಕೊಂಡಿತು.