ಅಳಿದ ಚಿತ್ರ, ಉಳಿದ ಸಾರಾಂಶ

ಅಮೆರಿಕದ ಪಶ್ಚಿಮ ಸೀಮೆಯ ಬದುಕನ್ನು ಚಿತ್ರಿಸುವ ‘ವೆಸ್ಟರ್ನ್’ ಚಿತ್ರಗಳನ್ನು ನೋಡಿದವರಿಗೆ ಒಂದು ಕಥೆ ಚಿರಪರಿಚಿತ. ಮದ್ಯದಂಗಡಿಯ ಒಡೆಯನ ಮುಷ್ಟಿಗೆ ಸಿಕ್ಕಿದ ಊರು. ನ್ಯಾಯ ಕಾಯಬೇಕಾದ ಅಧಿಕಾರಿಯೂ ಅವನ ಆಳೇ. ಅಲ್ಲಿಗೆ ಎಲ್ಲಿಂದಲೋ ಬಂದ ಅಪರಿಚಿತ ಸವಾರನೊಬ್ಬ ದುಷ್ಟರನ್ನು ಅಡಗಿಸಿ ಬಂದ ದಾರಿಯಲ್ಲೇ ಹೊರಟುಹೋಗುತ್ತಾನೆ. ಮೂಕಿಚಿತ್ರಗಳ ಕಾಲದಲ್ಲಿಯೇ ಈ ಬಗೆಯ ಕಥೆಗಳು ಬಳಕೆಗೆ ಬಂದಿದ್ದವು. ಆದರೆ ಆ ಕಾಲದ ಚಿತ್ರಗಳಲ್ಲಿ ಬಹುಪಾಲು ಇಂದು ಲುಪ್ತವಾಗಿವೆ.

1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಿಚಿತ್ರಗಳು ಸುಮಾರು 11,000. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುವು ಶೇಕಡಾ 14 ಮಾತ್ರ. ಶೇಕಡಾ 70ರಷ್ಟು ಹೇಳಹೆಸರಿಲ್ಲದಂತೆ ನಾಶವಾಗಿವೆ. ಆಗಿನ ಫಿಲ್ಮು ನೈಟ್ರೇಟಿನದು. ಇಟ್ಟಲ್ಲಿಯೇ ಕೆಡುವಂಥದು, ಹೊತ್ತಿಕೊಂಡರೆ ಆರಿಸಲು ಬಾರದು. 1937ರ ಜುಲೈಯಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಟಾಮ್ ಮಿಕ್ಸ್ ನಟಿಸಿದ ಅನೇಕ ಚಿತ್ರಗಳು ಬೂದಿಯಾದವು. ಬೆಂಕಿಯೊಡನೆ ಮನುಷ್ಯರ ಉದಾಸೀನವೂ ಸೇರಿತು. ಮಾತಿನ ಚಿತ್ರ ಬಂದ ಮೇಲೆ ಮೂಕಿಗೆ ಬೆಲೆಯಿಲ್ಲವೆಂದು ಬಗೆದು, ಫಿಲ್ಮಿನೊಳಗಿನ ಬೆಳ್ಳಿಗಾಗಿ ಎಷ್ಟೋ ಪ್ರತಿಗಳನ್ನು ಹಾಳುಗೆಡವಿದರು.

ಉಳಿದದ್ದೇನು? ಒಂದು ಭಿತ್ತಿಪತ್ರ, ಕೆಲವು ಸ್ಥಿರಚಿತ್ರಗಳು, ಅಂದಿನ ಪತ್ರಿಕೆಯಲ್ಲಿ ಅಚ್ಚಾದ ಕಥಾಸಾರಾಂಶ. ನಮ್ಮ ಒಂದನೆಯ ಗುಣವರ್ಮನ ‘ಶೂದ್ರಕ’ವೂ ಲುಪ್ತಕೃತಿಯೇ. ಆದರೆ ಮುಂದಿನವರು ಎತ್ತಿಕೊಂಡ ಪದ್ಯಗಳಲ್ಲಿ ಆ ಕವಿಯ ದನಿಯಾದರೂ ಕೇಳಿಸುತ್ತದೆ. ಸಾರಾಂಶದಲ್ಲಿ ಚಿತ್ರದ ದನಿ ಇಲ್ಲ. ಸಾರಾಂಶಗಳೆಲ್ಲ ಒಂದೇ ತೆರನಾಗಿ ಕಾಣುವುದರಿಂದ, ಚಿತ್ರಗಳೂ ಒಂದೇ ಅಚ್ಚಿನವು ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಈ ತೀರ್ಪು ಎಷ್ಟು ಅವಸರದ್ದೆಂಬುದನ್ನು ಉಳಿದುಬಂದ ಒಂದು ಚಿತ್ರವೇ ತೋರಿಸುತ್ತದೆ. ಅದು ವಿಲಿಯಂ ಎಸ್. ಹಾರ್ಟ್ ನಟಿಸಿದ, 1916ರ ‘ಹೆಲ್ಸ್ ಹಿಂಜಸ್’. ಕೆಟ್ಟ ಊರಿಗೆ ಇಲ್ಲಿಯೂ ಅಪರಿಚಿತನೊಬ್ಬ ಬರುತ್ತಾನೆ. ಆದರೆ ಅವನು ವೀರನಲ್ಲ, ದುರ್ಬಲ ಮನಸ್ಸಿನ ಪಾದ್ರಿ. ಅವನು ಊರನ್ನು ತಿದ್ದುವುದಿಲ್ಲ. ಊರೇ ಅವನನ್ನು ಕೆಡಿಸುತ್ತದೆ. ಕುಡಿದ ಅಮಲಿನಲ್ಲಿ ಅವನು ತನ್ನ ಚರ್ಚನ್ನೇ ಸುಡಲು ಹೊರಟವರ ಜೊತೆಗೂಡುತ್ತಾನೆ. ಊರಿನ ಪುಂಡನಾಗಿದ್ದ ಬಂದೂಕುಗಾರನ ಮನಸ್ಸು ಪಾದ್ರಿಯ ತಂಗಿಯಿಂದಾಗಿ ತಿರುಗುತ್ತದೆ. ಕೊನೆಗೆ ಊರಿಗೆ ಬೆಂಕಿಯಿಡುವವನು ಅವನೇ. ಈ ಚಿತ್ರ ಉಳಿಯದೆ, ‘ಕೆಟ್ಟ ಊರು ನಾಶವಾಯಿತು’ ಎಂಬ ಒಂದು ಸಾಲಷ್ಟೇ ಉಳಿದಿದ್ದರೆ, ಇದನ್ನೂ ನಾವು ಹಳೆಯ ಅಚ್ಚಿಗೇ ಸೇರಿಸುತ್ತಿದ್ದೆವು.

ಲುಪ್ತವೆಂಬ ಮಾತೂ ಕಡೆಯ ಮಾತಲ್ಲ. ಜಾನ್ ಫೋರ್ಡ್ ನಿರ್ದೇಶಿಸಿದ, 1917ರ ‘ಸ್ಟ್ರೇಟ್ ಶೂಟಿಂಗ್’ ಕಳೆದುಹೋಯಿತೆಂದೇ ಬಹುಕಾಲ ನಂಬಲಾಗಿತ್ತು. 1960ರ ದಶಕದಲ್ಲಿ ಅದರ ಪ್ರತಿ ದೊರೆತದ್ದು ದೂರದ ಚೆಕೊಸ್ಲೊವಾಕಿಯದ ಚಿತ್ರಭಂಡಾರದಲ್ಲಿ. ಹೀಗೆ ಹಿಂದಿರುಗುವ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ಆದ್ದರಿಂದ ಕಾಣದ ಕೃತಿಯ ಬಗೆಗೆ ತೀರ್ಪನ್ನು ತಡೆಹಿಡಿಯುವುದೂ, ಕಣ್ಣೆದುರಿನ ಪ್ರತಿಯನ್ನು ಅದರ ಬೆಲೆ ತಿಳಿಯುವ ಮೊದಲೇ ಕಾಪಾಡಿಕೊಳ್ಳುವುದೂ ವಿವೇಕ.